ಬ್ರಿಟಿಷ್ ರ‍್ಯಾಪ್: ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು, ಬಿಡಿಸಿ ಹೇಳಿದ ಉತ್ತರಗಳು

ರ‍್ಯಾಪ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಅಮೆರಿಕ. ಲಂಡನ್ನಿನ ಹಾಡೊಂದನ್ನು ಕೇಳಿಸಿದರೆ "ಇದ್ಯಾವ ಇಂಗ್ಲಿಷು?" ಎನ್ನುತ್ತಾರೆ. ಹತ್ತು ವರ್ಷಕ್ಕೂ ಮೇಲಾಯಿತು, ನಾನು ಈ ಸಂಗೀತವನ್ನು ಬಿಡದೆ ಕೇಳುತ್ತಿದ್ದೇನೆ. ಗೆಳೆಯರು, ಅವರ ಮಕ್ಕಳು, ಓದಲು ಇಂಗ್ಲೆಂಡಿಗೆ ಹೊರಟವರು ನನ್ನನ್ನು ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ.

ಪ್ರಶ್ನೆ: ಬ್ರಿಟಿಷ್ ರ‍್ಯಾಪ್ ಎಂದರೆ ಅಮೆರಿಕದ ರ‍್ಯಾಪಿನ ನಕಲು ತಾನೇ?

ಅಲ್ಲ. ಎರಡೂ ಒಂದೇ ಅಜ್ಜಿಯ ಮೊಮ್ಮಕ್ಕಳು. ಆ ಅಜ್ಜಿ ಜಮೈಕಾ. ರೆಕಾರ್ಡು ತಿರುಗುತ್ತಿರುವಾಗಲೇ ಮೈಕು ಹಿಡಿದು, ಹಾಡಿನ ಮೇಲೆ ಮಾತನ್ನು ಲಯಕ್ಕೆ ಕೂರಿಸುವ ಕಲೆಗೆ ಅಲ್ಲಿ 'ಟೋಸ್ಟಿಂಗ್' ಎನ್ನುತ್ತಾರೆ. 1967ರಲ್ಲಿ ಜಮೈಕಾದಿಂದ ನ್ಯೂಯಾರ್ಕಿಗೆ ಹೋದ ಹುಡುಗನೊಬ್ಬ ಮುಂದೆ ಡಿಜೆ ಕೂಲ್ ಹರ್ಕ್ ಎಂದು ಹೆಸರಾದ. 1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನಲ್ಲಿ ಅವನು ರೆಕಾರ್ಡು ಹಾಕಿದ ಪಾರ್ಟಿಯನ್ನೇ, ರ‍್ಯಾಪನ್ನು ಹೆತ್ತ ಹಿಪ್‌ಹಾಪ್ ಹುಟ್ಟಿದ ದಿನ ಎಂದು ಇಂದಿಗೂ ಆಚರಿಸುತ್ತಾರೆ.

ಇತ್ತ ಬ್ರಿಟನ್ನಿಗೆ ಕೆರಿಬಿಯನ್ ಜನ ಅದಕ್ಕೂ ಮೊದಲೇ ಬಂದಿದ್ದರು. 1948ರ ಜೂನ್‌ನಲ್ಲಿ 'ಎಂಪೈರ್ ವಿಂಡ್‌ರಶ್' ಹಡಗು ಟಿಲ್ಬರಿ ಬಂದರಿಗೆ ಬಂತು. ಟ್ರಿನಿಡಾಡಿನ ಕ್ಯಾಲಿಪ್ಸೋ ಗಾಯಕ ಲಾರ್ಡ್ ಕಿಚನರ್ ವಾರ್ತಾಚಿತ್ರದ ಕ್ಯಾಮೆರಾ ಮುಂದೆ ನಿಂತು ಲಂಡನ್ನಿನ ಮೇಲೆ ಹಾಡಿದ್ದು ಆಗಲೇ. ಯುದ್ಧದಲ್ಲಿ ಬಸವಳಿದ ದೇಶಕ್ಕೆ ಬಸ್ಸು ಓಡಿಸಲು, ಆಸ್ಪತ್ರೆ ನಡೆಸಲು ಕೈಗಳು ಬೇಕಿದ್ದವು, ಕರೆದರು. ಕರೆದ ಮೇಲೆ ಬಾಡಿಗೆ ಮನೆ ಕೊಡಲಿಲ್ಲ, ಕ್ಲಬ್ಬುಗಳ ಬಾಗಿಲು ತೆರೆಯಲಿಲ್ಲ. ಹಾಗಾಗಿ ಆ ಜನ ತಮ್ಮ ಮನೆಗಳ ನೆಲಮಾಳಿಗೆಯಲ್ಲೇ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳನ್ನು ಜೋಡಿಸಿಕೊಂಡು ಶನಿವಾರದ ರಾತ್ರಿ ಕಳೆದರು. ಬ್ರಿಟಿಷ್ ರ‍್ಯಾಪಿನ ಬೇರು ಇರುವುದು ಆ ನೆಲಮಾಳಿಗೆಗಳಲ್ಲಿ.

ಪ್ರಶ್ನೆ: ಸೌಂಡ್ ಸಿಸ್ಟಂ ಎಂದರೆ ಬರೀ ಸ್ಪೀಕರ್ ಅಲ್ಲವೇ?

ಇಲ್ಲಿ ಹಾಗಲ್ಲ. ಸ್ಪೀಕರ್ ಕಟ್ಟುವವರು, ಹಾಡು ಆರಿಸುವವರು, ಮೈಕು ಹಿಡಿಯುವವರು ಎಲ್ಲ ಸೇರಿದ ಒಂದು ಮೇಳಕ್ಕೆ ಆ ಹೆಸರು. ಆಗ್ನೇಯ ಲಂಡನ್ನಿನ ಲೂಯಿಷಮ್ ಕಡೆಯ 'ಸ್ಯಾಕ್ಸನ್' ಮೇಳ ಇವುಗಳಲ್ಲಿ ದೊಡ್ಡ ಹೆಸರು. ಟಿಪ್ಪಾ ಐರಿ, ಪಾಪಾ ಲೀವೈ, ಸ್ಮೈಲಿ ಕಲ್ಚರ್ ಇಲ್ಲಿಂದಲೇ ಬಂದವರು. ಉಸಿರು ಬಿಡದೆ ಬಾಣದಂತೆ ಮಾತು ಹೊಡೆಯುವ 'ಫಾಸ್ಟ್ ಚಾಟ್' ಶೈಲಿಯನ್ನು ಹುಟ್ಟುಹಾಕಿದ್ದು ಈ ಮೇಳ. ಆ ಶೈಲಿ ಜಮೈಕಾವನ್ನೇ ಬೆರಗುಗೊಳಿಸಿತು: 1984ರಲ್ಲಿ ಪಾಪಾ ಲೀವೈ ಅವರ ಹಾಡು ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ತವರಿನ ಕಲೆಯನ್ನು ಕಲಿತ ಮಗಳು ಅದನ್ನೇ ತಿದ್ದಿ ತವರಿಗೆ ಕಳಿಸಿದಂತೆ.

ಅದೇ 1984ರಲ್ಲಿ ಸ್ಮೈಲಿ ಕಲ್ಚರ್ 'ಕಾಕ್ನಿ ಟ್ರಾನ್ಸ್‌ಲೇಷನ್' ಹಾಡಿದರು. ಪೂರ್ವ ಲಂಡನ್ನಿನ ಬಿಳಿಯ ಕೂಲಿಕಾರರ ಕಾಕ್ನಿ ಮಾತು ಒಂದು ಕಡೆ, ಜಮೈಕಾದವರ ಪಾಟ್ವಾ ಇನ್ನೊಂದು ಕಡೆ. ಅವರು ಹೀಗನ್ನುತ್ತಾರೆ, ನಾವು ಹೀಗನ್ನುತ್ತೇವೆ ಎಂದು ಸಾಲುಸಾಲಾಗಿ ಅರ್ಥ ಬಿಡಿಸುತ್ತಾ ಹೋಗುವ ಹಾಡು ಅದು. ಕೇಳಲು ತಮಾಷೆ. ಆದರೆ ಎರಡೂ ಭಾಷೆ ನನ್ನ ಬಾಯಲ್ಲೇ ಇವೆ, ಎರಡೂ ನನ್ನವೇ ಎಂದು ಲಂಡನ್ನಿನ ಕರಿಯ ಹುಡುಗನೊಬ್ಬ ಮೊದಲ ಬಾರಿಗೆ ಎಲ್ಲರಿಗೂ ಕೇಳುವಂತೆ ಹೇಳಿದ್ದು ಅದರಲ್ಲಿ ಎಂದು ನಾನು ತಿಳಿದಿದ್ದೇನೆ. ಮುಂದಿನದೆಲ್ಲ ಆ ಮಾತಿನ ಬೆಳವಣಿಗೆ.

ಪ್ರಶ್ನೆ: ಹಾಗಾದರೆ ಮೊದಲಿನಿಂದಲೂ ಅವರು ತಮ್ಮದೇ ಧಾಟಿಯಲ್ಲಿ ಹಾಡುತ್ತಿದ್ದರೇ?

ಇಲ್ಲ. 1980ರ ದಶಕದಲ್ಲಿ ನ್ಯೂಯಾರ್ಕಿನ ರೆಕಾರ್ಡುಗಳು ಬಂದಾಗ ಬ್ರಿಟನ್ನಿನ ಅನೇಕ ಹುಡುಗರು ಮೈಕಿನ ಮುಂದೆ ನಿಂತೊಡನೆ ಅಮೆರಿಕನ್ನರಾಗಿಬಿಡುತ್ತಿದ್ದರು. ಆ ಮುಜುಗರವನ್ನು ಮುರಿದವರಲ್ಲಿ ಮೊದಲು ನೆನೆಯಬೇಕಾದ್ದು 'ಲಂಡನ್ ಪಾಸಿ' ತಂಡವನ್ನು. ರಾಡ್ನಿ ಪಿ ಮತ್ತು ಬಯೋನಿಕ್ ಇಬ್ಬರೂ ಬೀದಿಯಲ್ಲಿ ಹೇಗೆ ಮಾತಾಡುತ್ತಿದ್ದರೋ ಹಾಗೆಯೇ ಹಾಡಿದರು, ಕಾಕ್ನಿ ಮತ್ತು ಪಾಟ್ವಾ ಬೆರೆಸಿ. 1990ರ ಅವರ 'ಗ್ಯಾಂಗ್‌ಸ್ಟರ್ ಕ್ರಾನಿಕಲ್' ಆಲ್ಬಮ್ಮನ್ನು ಇವತ್ತಿಗೂ ಅಲ್ಲಿನ ರ‍್ಯಾಪರ್‌ಗಳು ಗೌರವದಿಂದ ನೆನೆಯುತ್ತಾರೆ. ಆಮೇಲೆ ಬಂದ ರೂಟ್ಸ್ ಮನೂವಾ, 2001ರ 'ರನ್ ಕಮ್ ಸೇವ್ ಮಿ'ಯಲ್ಲಿ ಜಮೈಕಾದ ಬಾಸ್ ಎಂಬ ಮಂದ್ರ ಧ್ವನಿ, ಲಂಡನ್ನಿನ ಬಿಯರು, ಚೀಸು, ಟೋಸ್ಟು ಎಲ್ಲವನ್ನೂ ಒಂದೇ ಉಸಿರಿನಲ್ಲಿ ತಂದರು. ಅವರ ತಂದೆ ಚರ್ಚಿನಲ್ಲಿ ಪ್ರವಚನ ಮಾಡುತ್ತಿದ್ದವರು. ಆ ಗಂಭೀರ ಧ್ವನಿ ಮಗನ ಗಂಟಲಲ್ಲೂ ಇದೆ.

ಈ ಭಾಗ ನನ್ನ ಮನಸ್ಸಿಗೆ ಬಹಳ ಹತ್ತಿರ. ಓದಲು ಬೆಂಗಳೂರಿಗೆ ಬಂದ ಹೊಸತರಲ್ಲಿ ನಾನು ನನ್ನ ಧಾರವಾಡದ ಮಾತನ್ನು ಮುಚ್ಚಿಟ್ಟುಕೊಂಡಿದ್ದೆ. ಕ್ಲಾಸಿನಲ್ಲಿ "ಹೌದ್ರಿ" ಎಂದದ್ದಕ್ಕೆ ನಕ್ಕಿದ್ದರು. ಲಂಡನ್ ಪಾಸಿಯ ಹಾಡು ಕೇಳಿದಾಗ ಶಬ್ದಗಳಲ್ಲಿ ಅರ್ಧದಷ್ಟೂ ತಿಳಿಯಲಿಲ್ಲ. ಆದರೆ ಅವರು ಏನು ಮಾಡಿದ್ದಾರೆ ಎಂಬುದು ಮಾತ್ರ ಪೂರ್ತಿ ತಿಳಿಯಿತು.

ಪ್ರಶ್ನೆ: ಗ್ರೈಮ್ ಎಂದರೇನು? ಅದೂ ರ‍್ಯಾಪೇ?

ಈ ಜಗಳ ಅಲ್ಲೇ ಇನ್ನೂ ಮುಗಿದಿಲ್ಲ. ಗ್ರೈಮಿನ ಹಳಬರು "ನಾವು ರ‍್ಯಾಪರ್‌ಗಳಲ್ಲ, ಎಂಸಿಗಳು" ಎನ್ನುತ್ತಾರೆ. ಎಂಸಿ ಎಂದರೆ ಕುಣಿತದ ನಡುವೆ ಮೈಕು ಹಿಡಿಯುವವನು. ಹಾಗೆನ್ನಲು ಕಾರಣವಿದೆ. ಗ್ರೈಮ್ ನೇರವಾಗಿ ಹಿಪ್‌ಹಾಪಿನಿಂದ ಬಂದದ್ದಲ್ಲ, ಕುಣಿತದ ಹಾಲ್‌ಗಳಿಂದ ಬಂದದ್ದು. 1990ರ ದಶಕದ ಆರಂಭದಲ್ಲಿ ಜಂಗಲ್ ಎಂಬ ಅತಿವೇಗದ ನೃತ್ಯಸಂಗೀತವಿತ್ತು. ಅದರ ಮೇಲೆ ಎಂಸಿಗಳು ಜನರನ್ನು ಹುರಿದುಂಬಿಸುತ್ತಿದ್ದರು. ಆಮೇಲೆ ಕೊಂಚ ನಿಧಾನದ, ನಯವಾದ ಯುಕೆ ಗ್ಯಾರಾಜ್ ಬಂತು. 'ಸೋ ಸಾಲಿಡ್ ಕ್ರೂ' ಎಂಬ ದೊಡ್ಡ ತಂಡ 2001ರಲ್ಲಿ ಪ್ರತಿಯೊಬ್ಬರಿಗೂ 21 ಸೆಕೆಂಡು ಎಂದು ಹಂಚಿಕೊಂಡು ಹಾಡಿದ '21 ಸೆಕೆಂಡ್ಸ್' ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಅಷ್ಟು ಹೊತ್ತಿಗೆ ಗ್ಯಾರಾಜ್ ಕ್ಲಬ್ಬುಗಳಲ್ಲಿ ಒಳ್ಳೆಯ ಬೂಟು, ದುಬಾರಿ ಅಂಗಿ, ಷಾಂಪೇನು. ಪೂರ್ವ ಲಂಡನ್ನಿನ ಬೋ ಪ್ರದೇಶದ ಕೌನ್ಸಿಲ್ ಫ್ಲಾಟುಗಳ, ಅಂದರೆ ಸ್ಥಳೀಯ ಆಡಳಿತ ಕಟ್ಟಿಸಿದ ಬಾಡಿಗೆ ಮನೆಗಳ, ಹುಡುಗರಿಗೆ ಅಲ್ಲಿ ಜಾಗವಿರಲಿಲ್ಲ. ಅವರು ತಮ್ಮದನ್ನೇ ಕಟ್ಟಿಕೊಂಡರು.

ನಿಮಿಷಕ್ಕೆ ಸುಮಾರು 140 ಪೆಟ್ಟಿನ ವೇಗ. ಮಂಜುಗಡ್ಡೆಯಂತೆ ತಣ್ಣಗಿನ, ಮೂಲೆ ಚೂಪಾದ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಧ್ವನಿ. ಎದೆ ಅದುರಿಸುವ ಬಾಸ್. ನಡುವೆ ಬೇಕೆಂದೇ ಬಿಟ್ಟ ಖಾಲಿ ಜಾಗ. ಇದನ್ನು ಮೊದಲು ರೂಪಿಸಿದವರಲ್ಲಿ ಮುಖ್ಯರು ವೈಲಿ. ಅವರು ತಮ್ಮ ವಾದ್ಯತುಣುಕುಗಳಿಗೆ 'ಎಸ್ಕಿಮೋ'ದಂಥ ಚಳಿಗಾಲದ ಹೆಸರುಗಳನ್ನೇ ಇಟ್ಟರು, ರೆಕಾರ್ಡುಗಳನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಅಂಗಡಿಯಿಂದ ಅಂಗಡಿಗೆ ಹೋಗಿ ಮಾರಿದರು. ದುಬಾರಿ ಸ್ಟುಡಿಯೋ ಯಾರ ಬಳಿಯೂ ಇರಲಿಲ್ಲ. ಅಗ್ಗದ ಕಂಪ್ಯೂಟರಿನಲ್ಲಿ ಫ್ರೂಟಿ ಲೂಪ್ಸ್, ಇಲ್ಲವೇ ಪ್ಲೇಸ್ಟೇಷನ್ನಿನಲ್ಲಿ ಆಟದಂತೆ ಸಿಗುತ್ತಿದ್ದ ಸಂಗೀತ ತಂತ್ರಾಂಶ, ಅಷ್ಟೇ.

ವೈಲಿಯ ಜೊತೆಗಾರ ಡಿಜ್ಜಿ ರಾಸ್ಕಲ್ ಹಲವು ಶಾಲೆಗಳಿಂದ ಹೊರಬಿದ್ದವರು. ಕೊನೆಗೆ ಸೇರಿದ ಶಾಲೆಯಲ್ಲಿ ಸಂಗೀತದ ಮೇಷ್ಟ್ರೊಬ್ಬರು ಕಂಪ್ಯೂಟರ್ ಬಿಟ್ಟುಕೊಟ್ಟರು. ಮಿಕ್ಕ ಎಲ್ಲ ಪಾಠಗಳಲ್ಲಿ ಬೇಡವಾದ ಹುಡುಗ ಅಲ್ಲಿ ಕೂತು ಬೀಟ್ ಕಟ್ಟಿದ. 2003ರಲ್ಲಿ ಬಂದ 'ಬಾಯ್ ಇನ್ ಡಾ ಕಾರ್ನರ್' ವರ್ಷದ ಅತ್ಯುತ್ತಮ ಆಲ್ಬಮ್ಮಿಗೆ ಕೊಡುವ ಮರ್ಕ್ಯುರಿ ಪ್ರಶಸ್ತಿ ಗೆದ್ದಿತು. ಪ್ರಶಸ್ತಿ ಹಿಡಿದಾಗ ಅವರಿಗಿನ್ನೂ 18 ವರ್ಷ. ಆ ಮೇಷ್ಟ್ರನ್ನು ನಾನು ಆಗಾಗ ನೆನೆಯುತ್ತೇನೆ.

ಪ್ರಶ್ನೆ: ರೇಡಿಯೋದವರು ಇದನ್ನು ಹಾಕುತ್ತಿದ್ದರೇ?

ದೊಡ್ಡ ರೇಡಿಯೋಗಳಲ್ಲಿ ಜಾಗ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಗ್ರೈಮನ್ನು ಸಾಕಿ ಬೆಳೆಸಿದ್ದು ಪೈರೇಟ್ ರೇಡಿಯೋ, ಅಂದರೆ ಲೈಸೆನ್ಸಿಲ್ಲದ ಕೇಂದ್ರಗಳು. ಎತ್ತರದ ಕಟ್ಟಡದ ತಾರಸಿಗೆ ರಾತ್ರೋರಾತ್ರಿ ಹತ್ತಿ ಆಂಟೆನಾ ಕಟ್ಟುವುದು, ಅಧಿಕಾರಿಗಳು ಬಂದು ಕಿತ್ತುಕೊಂಡು ಹೋಗುವುದು, ಮತ್ತೆ ಕಟ್ಟುವುದು. 1994ರಲ್ಲಿ ಹೀಗೆ ಶುರುವಾದ 'ರಿನ್ಸ್ ಎಫ್ಎಂ' ಇವುಗಳಲ್ಲಿ ಹೆಸರುವಾಸಿ. ಅದನ್ನು ಕಟ್ಟಿದವರಲ್ಲೊಬ್ಬರಾದ ಡಿಜೆ ಸ್ಲಿಮ್ಜೀ ಮೇಲೆ 2005ರಲ್ಲಿ ಒಂದು ಆದೇಶವೇ ಬಂತು: ಅವರು ತಮ್ಮ ಪ್ರದೇಶದಲ್ಲಿ ನಾಲ್ಕು ಮಹಡಿಗಿಂತ ಎತ್ತರದ ಕಟ್ಟಡದ ತಾರಸಿ ಹತ್ತುವಂತಿಲ್ಲ! ಕೊನೆಗೆ 2010ರಲ್ಲಿ ರಿನ್ಸ್‌ಗೆ ಲೈಸೆನ್ಸು ಸಿಕ್ಕಿತು. ಹದಿನಾರು ವರ್ಷ ಕಾದು ಪಡೆದ ಕಾಗದ.

ಆ ಕೇಂದ್ರಗಳ ಹಳೆಯ ಧ್ವನಿಮುದ್ರಣಗಳು ಯೂಟ್ಯೂಬಿನಲ್ಲಿವೆ, ಕೇಳಿ. ಇಕ್ಕಟ್ಟಾದ ಕೋಣೆ, ಒಂದೇ ಮೈಕು, ಅದಕ್ಕಾಗಿ ಕಾಯುತ್ತಿರುವ ಏಳೆಂಟು ಹುಡುಗರು. ಎಂಟೋ ಹದಿನಾರೋ ಬಾರ್ ಹಾಡಿ ಮೈಕು ದಾಟಿಸಬೇಕು. ಒಂದು ಬಾರ್ ಎಂದರೆ ನಾಲ್ಕು ಪೆಟ್ಟಿನ ಒಂದು ಆವರ್ತ. ಯಾರಾದರೂ ಭರ್ಜರಿ ಸಾಲು ಹೊಡೆದರೆ ಡಿಜೆ ರೆಕಾರ್ಡನ್ನು ಕರ್ರೆಂದು ಹಿಂದಕ್ಕೆಳೆದು ಮೊದಲಿನಿಂದ ಹಾಕುತ್ತಾನೆ. ಇದಕ್ಕೆ 'ರೀಲೋಡ್' ಎನ್ನುತ್ತಾರೆ. ನಮ್ಮ ಕಂಪನಿ ನಾಟಕಗಳಲ್ಲಿ ರಂಗಗೀತೆಗೆ ಬೀಳುತ್ತಿದ್ದ "ಒನ್ಸ್ ಮೋರ್" ನೆನಪಿಸಿಕೊಳ್ಳಿ, ಅದೇ.

ಪ್ರಶ್ನೆ: 'ಕ್ಲ್ಯಾಶ್' ಎಂದು ಒಬ್ಬರನ್ನೊಬ್ಬರು ಬೈಯುವುದು ಯಾಕೆ?

ಅದು ಪಂದ್ಯ. ಜಮೈಕಾದಲ್ಲಿ ಎರಡು ಸೌಂಡ್ ಸಿಸ್ಟಂಗಳು ಎದುರುಬದುರು ನಿಂತು ಸವಾಲು ಹಾಕುತ್ತಿದ್ದವು. ಗ್ರೈಮಿನಲ್ಲಿ ಇಬ್ಬರು ಎಂಸಿಗಳು. 2004ರಲ್ಲಿ ಜ್ಯಾಮರ್ ಎಂಬ ಸಂಗೀತ ನಿರ್ಮಾಪಕರ ಮನೆಯ ನೆಲಮಾಳಿಗೆಯಲ್ಲಿ ವೈಲಿ ಮತ್ತು ಕಾನೋ ಎದುರಾದದ್ದು 'ಲಾರ್ಡ್ ಆಫ್ ದಿ ಮೈಕ್ಸ್' ಡಿವಿಡಿಯಾಗಿ ಕೈಯಿಂದ ಕೈಗೆ ಹರಿದಾಡಿತು. ಉತ್ತರ ಕರ್ನಾಟಕದಲ್ಲಿ ಹರದೇಶಿ-ನಾಗೇಶಿ ಲಾವಣಿ ಕೇಳಿ ಬೆಳೆದವರಿಗೆ ಇದರ ನಿಯಮ ವಿವರಿಸಬೇಕಾಗಿಲ್ಲ. ಎದುರಾಳಿಯ ಮಾತನ್ನೇ ಹಿಡಿದು ತಿರುಗಿಸಿ ಹೊಡೆದವನು ಗೆದ್ದ.

ಪ್ರಶ್ನೆ: ಗ್ರೈಮ್ ನಡುವೆ ಕೆಲವು ವರ್ಷ ಕಾಣೆಯಾಗಿತ್ತಲ್ಲ?

ಕಾಣೆಯಾಗಲಿಲ್ಲ, ವೇಷ ಬದಲಿಸಿತು. 2008ರಿಂದ ನಾಲ್ಕೈದು ವರ್ಷ ಗ್ರೈಮಿನ ಹುಡುಗರು ಡಿಸ್ಕೋ ಬೀಟಿನ ಪಾಪ್ ಹಾಡುಗಳಿಂದ ಪಟ್ಟಿ ಏರಿದರು. ಹಣ ಬಂತು, ಹಾಡು ಸಪ್ಪೆಯಾಯಿತು. ನನಗೆ ಆ ಹಾಡುಗಳಲ್ಲಿ ಹೆಚ್ಚಿನವು ಇಷ್ಟವಿಲ್ಲ, ಆದರೆ ಬಡತನದಲ್ಲಿ ಬೆಳೆದ ಹುಡುಗರು ಎದುರಿಗೆ ಬಂದ ಹಣವನ್ನು ಬೇಡವೆನ್ನಬೇಕಿತ್ತು ಎಂದು ಹೇಳುವ ಹಕ್ಕು ನನಗಿಲ್ಲ.

ಅದೇ ಕಾಲದಲ್ಲಿ ದಕ್ಷಿಣ ಲಂಡನ್ನಿನ ಪೆಕಮ್‌ನಲ್ಲಿ ಗಿಗ್ಸ್ ಬೇರೊಂದು ದಾರಿ ತೆರೆದರು. ನಿಧಾನದ, ಗುಹೆಯೊಳಗಿಂದ ಬಂದಂತಹ ದಪ್ಪ ಧ್ವನಿ. 2007ರ 'ಟಾಕಿನ್ ಡಾ ಹಾರ್ಡೆಸ್ಟ್' ಯಾವ ದೊಡ್ಡ ಕಂಪನಿಯ ನೆರವೂ ಇಲ್ಲದೆ ಬೀದಿಬೀದಿಯಲ್ಲಿ ಮೊಳಗಿತು. ಇಂದಿನ ಬ್ರಿಟಿಷ್ ಬೀದಿ ರ‍್ಯಾಪಿಗೆ ಅದೇ ತಳಪಾಯ.

2014ರಲ್ಲಿ ಸ್ಕೆಪ್ಟಾ ತಮ್ಮ ತಮ್ಮನಾದ ಜೆಎಂಇ ಜೊತೆ 'ದಟ್ಸ್ ನಾಟ್ ಮಿ' ಹಾಡಿದರು. ಹೊಳೆಯುವ ಬ್ರ್ಯಾಂಡ್ ಬಟ್ಟೆಗಳನ್ನೆಲ್ಲ ಎಸೆದೆ, ಅದು ನಾನಲ್ಲ ಎಂಬ ಹಾಡು. ಅದರ ವಿಡಿಯೋಗೆ ಖರ್ಚಾದದ್ದು 80 ಪೌಂಡ್. ಕರಿಯರ ಸಂಗೀತಕ್ಕೆ ಬ್ರಿಟನ್ನಿನಲ್ಲಿ ಕೊಡುವ ಮೋಬೋ ಪ್ರಶಸ್ತಿಗಳಲ್ಲಿ ಆ ವರ್ಷ ಅತ್ಯುತ್ತಮ ವಿಡಿಯೋ ಎಂದು ಗೆದ್ದದ್ದೂ ಅದೇ. 2016ರಲ್ಲಿ ಅವರ 'ಕೊನ್ನಿಚಿವಾ' ಮರ್ಕ್ಯುರಿ ಪಡೆಯಿತು. ಗ್ರೈಮ್ ತನ್ನ ಬಟ್ಟೆಯಲ್ಲೇ ಮನೆಗೆ ಮರಳಿತ್ತು.

ಪ್ರಶ್ನೆ: ಡ್ರಿಲ್ ಎಂದರೆ? ಗ್ರೈಮಿಗೂ ಅದಕ್ಕೂ ಏನು ವ್ಯತ್ಯಾಸ?

ಡ್ರಿಲ್ ರ‍್ಯಾಪಿನ ಒಂದು ಶೈಲಿ, ಹುಟ್ಟಿದ್ದು ಅಮೆರಿಕದ ಷಿಕಾಗೊದಲ್ಲಿ. 2010ರ ದಶಕದ ಮೊದಲ ಭಾಗದಲ್ಲಿ ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್ ಕಡೆಯ ಹುಡುಗರು, ಮುಖ್ಯವಾಗಿ '67' ಎಂಬ ತಂಡ, ಅದನ್ನು ತೆಗೆದುಕೊಂಡು ಗ್ರೈಮಿನ ವೇಗಕ್ಕೆ, ಲಂಡನ್ನಿನ ಬಾಯಿಗೆ ಹೊಂದಿಸಿದರು. ಕೇಳಿದೊಡನೆ ಗುರುತು ಹಿಡಿಯಲು ಒಂದು ಲಕ್ಷಣ ಹೇಳುತ್ತೇನೆ: ಜಾರುವ ಬಾಸ್. 808 ಎಂಬ ಹಳೆಯ ಡ್ರಮ್ ಯಂತ್ರದ ಡಗ್ಗೆಯಂಥ ಪೆಟ್ಟನ್ನು ಉದ್ದ ಎಳೆದು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುತ್ತಾರೆ. ಕರ್ನಾಟಕ ಸಂಗೀತದಲ್ಲಿ 'ಜಾರು' ಗಮಕ ಗೊತ್ತಿರುವವರ ಕಿವಿಗೆ ಇದು ತಟ್ಟನೆ ಸಿಗುತ್ತದೆ. ಅದರ ಮೇಲೆ ನೆಟ್ಟಗೆ ನಡೆಯದೆ ಕುಂಟುವ ತಾಳ. ಗ್ರೈಮಿನ ಎಂಸಿ ಜನರ ಮುಂದೆ ಕೂಗುತ್ತಾನೆ; ಡ್ರಿಲ್ ಹಾಡುಗಾರ ಮುಖಕ್ಕೆ ಮುಸುಕು ಹಾಕಿಕೊಂಡು ಕಿವಿಯ ಹತ್ತಿರ ತಣ್ಣಗೆ ಹೇಳುತ್ತಾನೆ.

ಆಮೇಲೆ ನಡೆದದ್ದು ಇನ್ನೂ ಸೊಗಸು. ನ್ಯೂಯಾರ್ಕಿನ ಬ್ರೂಕ್ಲಿನ್ ಹುಡುಗರು ಯೂಟ್ಯೂಬಿನಲ್ಲಿ ಲಂಡನ್ನಿನ ಬೀಟ್‌ಗಳನ್ನು ಹುಡುಕಿ ಬಳಸತೊಡಗಿದರು. 2019ರಲ್ಲಿ ಪಾಪ್ ಸ್ಮೋಕ್ ಅವರನ್ನು ಮನೆಮಾತಾಗಿಸಿದ 'ವೆಲ್ಕಮ್ ಟು ದಿ ಪಾರ್ಟಿ'ಯ ಬೀಟ್ ಕಟ್ಟಿದ್ದು ಪೂರ್ವ ಲಂಡನ್ನಿನ 808ಮೆಲೋ. ಹಿಂದೆ ನ್ಯೂಯಾರ್ಕಿನವರಂತೆ ನಟಿಸುತ್ತಿದ್ದ ಊರಿನಿಂದ ಈಗ ನ್ಯೂಯಾರ್ಕ್ ತಾಳ ತರಿಸಿಕೊಂಡಿತು. 2021ರಲ್ಲಿ ಟಿಯಾನ್ ವೇಯ್ನ್ ಮತ್ತು ರಸ್ ಮಿಲಿಯನ್ಸ್ ಹಾಡಿದ 'ಬಾಡಿ' ಬ್ರಿಟನ್ನಿನ ಪಟ್ಟಿಯ ಮೊದಲ ಸ್ಥಾನಕ್ಕೇರಿದ ಮೊದಲ ಡ್ರಿಲ್ ಹಾಡಾಯಿತು.

ಪ್ರಶ್ನೆ: ಚಾಕು, ಕೊಲೆ, ಗ್ಯಾಂಗು ಎಂದೇ ಹಾಡುತ್ತಾರಲ್ಲ, ಪೊಲೀಸರು ತಡೆದದ್ದು ಸರಿಯಲ್ಲವೇ?

ನಿಜವಾಗಿ ಸತ್ತ ಹುಡುಗನ ಹೆಸರೆತ್ತಿ ಅಣಕಿಸುವ ಹಾಡುಗಳು ಡ್ರಿಲ್‌ನಲ್ಲಿ ಇವೆ. ಅವನ್ನು ನಾನು ಕೇಳುವುದಿಲ್ಲ, ಸಮರ್ಥಿಸುವುದೂ ಇಲ್ಲ. ಸತ್ತವನ ತಾಯಿಯೂ ಅದೇ ಊರಿನಲ್ಲಿ, ಅದೇ ಫೋನಿನಲ್ಲಿ ಅದನ್ನು ಕೇಳುತ್ತಾಳೆ.

ಆದರೆ ಪೊಲೀಸರು ಹೋದ ದಾರಿಯನ್ನು ನೋಡಿ. ಡ್ರಿಲ್ ಹುಟ್ಟುವ ಎಷ್ಟೋ ಮೊದಲು, 2005ರಲ್ಲಿ, ಲಂಡನ್ ಪೊಲೀಸರು 'ಫಾರ್ಮ್ 696' ಎಂಬ ನಮೂನೆ ತಂದರು. ಕಾರ್ಯಕ್ರಮ ನಡೆಸುವವರು ಹಾಡುವವರ ಹೆಸರು, ವಿಳಾಸ, ಫೋನ್ ನಂಬರು ಮುಂಚಿತವಾಗಿ ಕೊಡಬೇಕು. ಆರಂಭದಲ್ಲಿ ಅದರಲ್ಲಿ ಯಾವ ಶೈಲಿಯ ಸಂಗೀತ, ಬರುವ ಜನ ಯಾವ ಜನಾಂಗದವರು ಎಂಬ ಪ್ರಶ್ನೆಗಳೂ ಇದ್ದವು. ಗಲಾಟೆಯಾದ ಮೇಲೆ ಜನಾಂಗದ ಪ್ರಶ್ನೆ ತೆಗೆದರು. ನಮೂನೆಯನ್ನೇ ಕೈಬಿಟ್ಟದ್ದು 2017ರ ನವೆಂಬರಿನಲ್ಲಿ. ಅಷ್ಟು ವರ್ಷ ಗ್ರೈಮ್ ಕಲಾವಿದರ ಎಷ್ಟೋ ಕಾರ್ಯಕ್ರಮಗಳು ಕೊನೆಯ ಗಳಿಗೆಯಲ್ಲಿ ರದ್ದಾದವು. ಹಾಡಿ ದುಡಿಯಬೇಕೆಂದವನಿಗೆ ವೇದಿಕೆಯೇ ಇಲ್ಲದಂತಾಯಿತು.

2018ರಲ್ಲಿ ಪೊಲೀಸರ ಕೋರಿಕೆಯ ಮೇಲೆ ಯೂಟ್ಯೂಬ್ 30ರಷ್ಟು ಡ್ರಿಲ್ ವಿಡಿಯೋಗಳನ್ನು ತೆಗೆಯಿತು. 2019ರಲ್ಲಿ ಸ್ಕೆಂಗ್ಡೋ ಮತ್ತು ಎಎಂ ಎಂಬ ಜೋಡಿಗೆ, ನ್ಯಾಯಾಲಯದ ತಡೆಯಾಜ್ಞೆ ಮೀರಿ ಒಂದು ಹಾಡು ಹಾಡಿದ್ದಕ್ಕೆ, ಅಮಾನತಿನಲ್ಲಿಟ್ಟ ಜೈಲು ಶಿಕ್ಷೆ ಬಂತು. ಮೊಕದ್ದಮೆಗಳಲ್ಲಿ ಹಾಡಿನ ಸಾಲುಗಳನ್ನೇ ಸಾಕ್ಷ್ಯವಾಗಿ ಓದಲಾಗುತ್ತದೆ. ಡ್ರಿಲ್‌ನಲ್ಲಿ 'ನಾನು' ಎಂದವನು ಯಾವಾಗಲೂ ಹಾಡುಗಾರನೇ ಅಲ್ಲ. ಉತ್ಪ್ರೇಕ್ಷೆ, ಕೇಳಿದ ಕತೆ, ಕಟ್ಟಿದ ಪಾತ್ರ ಎಲ್ಲ ಅದರಲ್ಲಿ ಬೆರೆತಿರುತ್ತದೆ. ಆ ಮಾತಿನ ರೀತಿ ಗೊತ್ತಿಲ್ಲದವರು ಅದಕ್ಕೆ ಅರ್ಥ ಹೇಳುತ್ತಾರೆ, ಅದರ ಮೇಲೆ ಹುಡುಗನೊಬ್ಬನ ವರ್ಷಗಳು ತೀರ್ಮಾನವಾಗುತ್ತವೆ. ಇದು ನನಗೆ ಅನ್ಯಾಯವೆಂದೇ ಕಾಣುತ್ತದೆ. 2010ರ ನಂತರ ಸರ್ಕಾರದ ಖರ್ಚು ಕಡಿತದಲ್ಲಿ ಲಂಡನ್ನಿನ ಬಡ ಕೇರಿಗಳ ಯುವಕೇಂದ್ರಗಳು ಒಂದೊಂದಾಗಿ ಮುಚ್ಚಿದವು. ಆ ಮುಚ್ಚಿದ ಬಾಗಿಲುಗಳ ಬಗ್ಗೆ ಯಾರನ್ನೂ ನ್ಯಾಯಾಲಯಕ್ಕೆ ಕರೆಯಲಿಲ್ಲ.

ಪ್ರಶ್ನೆ: ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಆದರೂ ಒಂದು ಸಾಲೂ ತಿಳಿಯುವುದಿಲ್ಲ. ಯಾಕೆ?

ಅದು ನಾವು ಶಾಲೆಯಲ್ಲಿ ಕಲಿತ ಇಂಗ್ಲಿಷ್ ಅಲ್ಲ. ಜಮೈಕಾ, ಪಶ್ಚಿಮ ಆಫ್ರಿಕಾ, ದಕ್ಷಿಣ ಏಷ್ಯಾ, ಹಳೆಯ ಪೂರ್ವ ಲಂಡನ್ ಎಲ್ಲ ಒಂದೇ ಶಾಲೆಯ ಅಂಗಳದಲ್ಲಿ ಆಡಿ ಬೆಳೆದಾಗ ಹುಟ್ಟಿದ ಮಾತು. ಭಾಷಾಶಾಸ್ತ್ರಜ್ಞರು ಇದನ್ನು 'ಬಹುಸಂಸ್ಕೃತಿಯ ಲಂಡನ್ ಇಂಗ್ಲಿಷ್' ಎಂದು ಕರೆದು ಅಧ್ಯಯನ ಮಾಡಿದ್ದಾರೆ. ಇದು ಕೆಟ್ಟ ಇಂಗ್ಲಿಷ್ ಅಲ್ಲ, ಇದಕ್ಕೆ ತನ್ನದೇ ವ್ಯಾಕರಣವಿದೆ.

ಕೆಲವು ಪದ ಹಿಡಿದರೆ ಸಾಕು, ಬಾಗಿಲು ತೆರೆಯುತ್ತದೆ. 'ಎಂಡ್ಸ್' ಎಂದರೆ ನಮ್ಮ ಏರಿಯಾ. 'ಮ್ಯಾನ್‌ಡೆಮ್' ಎಂದರೆ ನಮ್ಮ ಹುಡುಗರು. ಕೊನೆಯ 'ಡೆಮ್' ಜಮೈಕಾದ ಬಹುವಚನ ಪ್ರತ್ಯಯ, ನಮ್ಮ 'ಗಳು' ಇದ್ದಂತೆ. 'ಬೇರ್' ಎಂದರೆ ಬರಿದು ಅಲ್ಲ, ಬೇಕಾದಷ್ಟು. 'ಪೀಕ್' ಎಂದರೆ ಶಿಖರವಲ್ಲ, ಕೆಟ್ಟದ್ದಾಯಿತು, ಪಾಪ ಎನ್ನುವ ಅರ್ಥ. 'ಪೆಂಗ್' ಎಂದರೆ ಚೆಲುವು. 'ವಾಗ್ವಾನ್' ಎಂದರೆ ಏನ್ ಸಮಾಚಾರ. 'ಮ್ಯಾನ್' ಎನ್ನುವುದು ಎಷ್ಟೋ ಸಲ 'ನಾನು' ಎಂಬ ಸರ್ವನಾಮ. 2017ರಲ್ಲಿ ಹಾಸ್ಯನಟರೊಬ್ಬರು ಬಿಗ್ ಶಾಕ್ ಎಂಬ ವೇಷದಲ್ಲಿ 'ಮ್ಯಾನ್ಸ್ ನಾಟ್ ಹಾಟ್' ಎಂದು ಲೋಕವನ್ನೆಲ್ಲ ನಗಿಸಿದಾಗ, ಆ ಸಾಲಿನ ಅರ್ಥ 'ನನಗೆ ಸೆಕೆಯಾಗುತ್ತಿಲ್ಲ' ಎಂದಷ್ಟೇ.

ಇನ್ನೊಂದು ಮಾತು. ಪ್ರಾಸವನ್ನು ಸಾಲಿನ ಕೊನೆಯಲ್ಲಿ ಮಾತ್ರ ಹುಡುಕಬೇಡಿ. ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಇಟ್ಟ ಹಳಗನ್ನಡ ಕವಿಗಳ ಓದುಗರು ನಾವು, ಒಳಪ್ರಾಸ ನಮಗೆ ಹೊಸತಲ್ಲ. ಮೊದಲ ಸಲ ಲಯಕ್ಕಾಗಿ, ಎರಡನೇ ಸಲ ಸಾಹಿತ್ಯ ಮುಂದಿಟ್ಟುಕೊಂಡು, ಮೂರನೇ ಸಲ ಕಣ್ಣು ಮುಚ್ಚಿ ಕೇಳಿ.

ಪ್ರಶ್ನೆ: ಇಷ್ಟು ಜನಪ್ರಿಯವಾದದ್ದು ಯಾವಾಗ?

ಕಾರಣಗಳಲ್ಲಿ ನಾನು ಮೊದಲಿಗೆ ಇಡುವುದು ಯೂಟ್ಯೂಬನ್ನು. 2006ರಲ್ಲಿ ಪಶ್ಚಿಮ ಲಂಡನ್ನಿನ ಜಮಾಲ್ ಎಡ್ವರ್ಡ್ಸ್ ಎಂಬ ಹದಿಹರೆಯದ ಹುಡುಗ ಒಂದು ಸಣ್ಣ ಕ್ಯಾಮೆರಾ ಹಿಡಿದು ರ‍್ಯಾಪರ್‌ಗಳನ್ನು ಬೀದಿಯಲ್ಲೇ ಚಿತ್ರಿಸಿ ಎಸ್‌ಬಿಟಿವಿ ಶುರುಮಾಡಿದರು. ಆಮೇಲೆ ಜಿಆರ್‌ಎಂ ಡೈಲಿ, ಲಿಂಕ್ ಅಪ್ ಟಿವಿ ಬಂದವು. ರೇಡಿಯೋದವರ ಅನುಮತಿ ಬೇಕಿಲ್ಲದ ದಾರಿ ಸಿಕ್ಕಿತು. ಜಮಾಲ್ 2022ರಲ್ಲಿ 31ನೇ ವಯಸ್ಸಿಗೇ ತೀರಿಕೊಂಡರು. ಅವರ ಕ್ಯಾಮೆರಾ ಮುಂದೆ ನಿಂತವರಲ್ಲಿ ಆಗಿನ್ನೂ ಹೆಸರಿಲ್ಲದ ಎಷ್ಟೋ ಮಂದಿ ಇಂದು ದೊಡ್ಡವರು. ಎರಡನೆಯದು, 2014ರಿಂದ ಬ್ರಿಟನ್ನಿನ ಅಧಿಕೃತ ಹಾಡುಗಳ ಪಟ್ಟಿ ಸ್ಟ್ರೀಮಿಂಗನ್ನೂ ಲೆಕ್ಕಕ್ಕೆ ಹಿಡಿಯಿತು. ಹುಡುಗರು ನಿಜವಾಗಿ ಏನು ಕೇಳುತ್ತಿದ್ದರೋ ಅದು ಅಂಕಿಯಲ್ಲಿ ಕಾಣತೊಡಗಿತು.

ಸ್ಟಾರ್ಮ್‌ಜಿ ಈ ಅಲೆಯ ಮೇಲೆ ಬಂದವರು. 2017ರಲ್ಲಿ ಅವರ 'ಗ್ಯಾಂಗ್ ಸೈನ್ಸ್ ಅಂಡ್ ಪ್ರೇಯರ್' ಮೊದಲ ಸ್ಥಾನಕ್ಕೇರಿದ ಮೊದಲ ಗ್ರೈಮ್ ಆಲ್ಬಂ. 2019ರ ಜೂನ್ 28ರಂದು ಗ್ಲಾಸ್ಟನ್‌ಬರಿ ಸಂಗೀತ ಉತ್ಸವದ ಮುಖ್ಯ ವೇದಿಕೆಯ ಮುಖ್ಯ ಕಲಾವಿದರಾಗಿ ಅವರು ನಿಂತರು. ಏಕವ್ಯಕ್ತಿಯಾಗಿ ಆ ಸ್ಥಾನ ಪಡೆದ ಮೊದಲ ಕರಿಯ ಬ್ರಿಟಿಷ್ ಕಲಾವಿದ. ಮೈಮೇಲೆ ಬೀದಿ ಚಿತ್ರಕಾರ ಬ್ಯಾಂಕ್ಸಿ ಮಾಡಿಕೊಟ್ಟ, ಬ್ರಿಟನ್ನಿನ ಬಾವುಟ ಬರೆದ, ಚಾಕು ತಡೆಯುವ ಕವಚ. ಹಾಡಿನ ನಡುವೆ ನಿಂತು ತನ್ನ ಹಿರಿಯರ, ಕಿರಿಯರ ಹೆಸರುಗಳನ್ನು ಒಂದೊಂದಾಗಿ ಓದಿದರು. ನಾನು ಆ ಭಾಗವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಆಮೇಲಿನದು ಓಟ. ದಕ್ಷಿಣ ಲಂಡನ್ನಿನ ಡೇವ್, ಮನೋಚಿಕಿತ್ಸೆಯ ಮಾತುಕತೆಯಂತೆ ಕಟ್ಟಿದ 'ಸೈಕೋಡ್ರಾಮಾ'ಗೆ 2019ರಲ್ಲಿ ಮರ್ಕ್ಯುರಿ ಪಡೆದರು. 2023ರಲ್ಲಿ ಅವರು ಸೆಂಟ್ರಲ್ ಸೀ ಜೊತೆ ಹಾಡಿದ 'ಸ್ಪ್ರಿಂಟರ್' ಹತ್ತು ವಾರ ಮೊದಲ ಸ್ಥಾನ ಬಿಡಲಿಲ್ಲ. 2025ರ ಜನವರಿಯಲ್ಲಿ ಸೆಂಟ್ರಲ್ ಸೀ ಅವರ ಆಲ್ಬಂ ಬ್ರಿಟನ್ನಿನಲ್ಲಿ ಮೊದಲನೆಯದಾಯಿತು, ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 9ನೇ ಸ್ಥಾನಕ್ಕೆ ಬಂತು. ತಾವು ಬೆಳೆದ ಷೆಪರ್ಡ್ಸ್ ಬುಷ್ ಕೇರಿಯ ಉಚ್ಚಾರಣೆಯಲ್ಲಿ ಒಂದು ಸ್ವರವನ್ನೂ ಬದಲಿಸದೆ.

ಪ್ರಶ್ನೆ: ಹೆಣ್ಣುಮಕ್ಕಳು ಇದ್ದಾರೆಯೇ?

ಇದ್ದಾರೆ, ಮೊದಲಿನಿಂದಲೂ. 2002ರಲ್ಲಿ ಮಿಸ್ ಡೈನಮೈಟ್, 2009ರಲ್ಲಿ ಸ್ಪೀಚ್ ಡೆಬೆಲ್, 2022ರಲ್ಲಿ ಲಿಟಲ್ ಸಿಮ್ಜ್ ಮರ್ಕ್ಯುರಿ ಗೆದ್ದರು. ಡಿಜ್ಜಿಗಿಂತ ಒಂದು ವರ್ಷ ಮೊದಲೇ ಹೆಣ್ಣುಮಗಳು ಗೆದ್ದಿದ್ದಳು ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಇಂದು ಬ್ರಿಟನ್ನಿನಲ್ಲಿ ಅತ್ಯಂತ ಒಳ್ಳೆಯ ಸಾಹಿತ್ಯ ಬರೆಯುವ ರ‍್ಯಾಪರ್ ಯಾರು ಎಂದು ಕೇಳಿದರೆ ನನ್ನ ಉತ್ತರ ಲಿಟಲ್ ಸಿಮ್ಜ್. ಪಿಟೀಲು ಮೇಳದ ಮುಂದೆಯೂ ಬರೀ ಡ್ರಮ್ಮಿನ ಮುಂದೆಯೂ ಅದೇ ನೆಮ್ಮದಿಯಿಂದ ನಿಲ್ಲಬಲ್ಲ ಧ್ವನಿ ಅದು.

ಪ್ರಶ್ನೆ: ಎಲ್ಲ ಲಂಡನ್ನೇ? ಬೇರೆ ಊರುಗಳಿಲ್ಲವೇ?

ಬರ್ಮಿಂಗ್‌ಹ್ಯಾಮಿನಿಂದ ಮಿಸ್ಟ್, ಲೇಡಿ ಲೆಷರ್. ಮ್ಯಾಂಚೆಸ್ಟರಿನಿಂದ ಬಗ್ಜಿ ಮಲೋನ್, ಏಚ್. ಎಡಿನ್‌ಬರೋದಿಂದ 2014ರ ಮರ್ಕ್ಯುರಿ ಗೆದ್ದ ಯಂಗ್ ಫಾದರ್ಸ್. ಪ್ರತಿ ಊರಿಗೂ ತನ್ನ ಉಚ್ಚಾರಣೆಯ ಹಮ್ಮು ಇದೆ. ವೇಲ್ಸ್‌ನ ಸೇಜ್ ಟಾಡ್ಜ್ ವೆಲ್ಷ್ ಭಾಷೆಯಲ್ಲೇ ಡ್ರಿಲ್ ಹಾಡುತ್ತಾರೆ. ಬೆಲ್‌ಫಾಸ್ಟಿನ ನೀಕ್ಯಾಪ್ ತಂಡ ಐರಿಷ್ ಭಾಷೆಯಲ್ಲಿ ಹಾಡುತ್ತದೆ. ತಮ್ಮನ್ನು ಬ್ರಿಟಿಷ್ ಎಂದು ಕರೆಯುವುದನ್ನು ಅವರು ಒಪ್ಪುವುದಿಲ್ಲ, ಹಾಗಾಗಿ ಅವರ ಹೆಸರನ್ನು ಇಲ್ಲಿ ನೆರೆಯವರೆಂದು ಮಾತ್ರ ಹೇಳುತ್ತೇನೆ.

ಪ್ರಶ್ನೆ: ಕೆಲವು ಹಾಡುಗಳು ಆಫ್ರಿಕಾದ ಸಂಗೀತದಂತೆ ಕೇಳಿಸುತ್ತವೆ, ಯಾಕೆ?

ಮೊದಲ ಪೀಳಿಗೆಯ ರ‍್ಯಾಪಿನ ಹಿಂದೆ ಕೆರಿಬಿಯನ್ ಮನೆಗಳಿದ್ದವು. ಆಮೇಲಿನವರಲ್ಲಿ ನೈಜೀರಿಯಾ, ಘಾನಾ, ಗ್ಯಾಂಬಿಯಾ ಮೂಲದವರು ಹೆಚ್ಚು. ಗ್ಯಾಂಬಿಯಾ ಮೂಲದ ಜೆ ಹಸ್ 2017ರ 'ಕಾಮನ್ ಸೆನ್ಸ್'ನಲ್ಲಿ ಇದನ್ನೆಲ್ಲ ಕಲೆಸಿ ಹೊಸ ರುಚಿ ಮಾಡಿದರು. ಅದಕ್ಕೆ ಆಫ್ರೋಸ್ವಿಂಗ್ ಎಂಬ ಹೆಸರು ಬಂದಿದೆ. ಮನೆಯಲ್ಲಿ ಗೆಳೆಯರು ಸೇರಿದಾಗ ಹಾಕಲು ಇದಕ್ಕಿಂತ ಒಳ್ಳೆಯ ಆಲ್ಬಂ ನನಗೆ ಗೊತ್ತಿಲ್ಲ.

ಪ್ರಶ್ನೆ: ಭಾರತಕ್ಕೂ ಇದಕ್ಕೂ ನಂಟಿದೆಯೇ?

ಇದೆ, ಹೆಚ್ಚಾಗಿ ಪಂಜಾಬಿನ ಮೂಲಕ. ಬರ್ಮಿಂಗ್‌ಹ್ಯಾಮಿನ ಹ್ಯಾಂಡ್ಸ್‌ವರ್ತ್‌ನಲ್ಲಿ ಜಮೈಕಾದವರೂ ಪಂಜಾಬಿಗಳೂ ಅಕ್ಕಪಕ್ಕ ಬೆಳೆದರು. ಅಲ್ಲಿಂದ ಬಂದ ಅಪಾಚಿ ಇಂಡಿಯನ್ ಪಾಟ್ವಾ ಮತ್ತು ಪಂಜಾಬಿ ಬೆರೆಸಿ ಹಾಡಿದರು. 1990ರ ದಶಕದಲ್ಲಿ ಟೀವಿ ನೋಡಿದವರಿಗೆ ಅವರ ಮುಖ ಗೊತ್ತು. ಲಂಡನ್ನಿನ ತಮಿಳು ಮನೆಯ ಎಂ.ಐ.ಎ. ಅವರನ್ನು ಎ.ಆರ್. ರೆಹಮಾನ್ 'ಸ್ಲಂಡಾಗ್ ಮಿಲಿಯನೇರ್'ನ ಹಾಡಿನಲ್ಲಿ ಜೊತೆ ಸೇರಿಸಿಕೊಂಡರು. ಈಚಿನವರಲ್ಲಿ ಸಂಗೀತ ನಿರ್ಮಾಪಕ ಸ್ಟೀಲ್ ಬ್ಯಾಂಗ್ಲೆಜ್. ಪಂಜಾಬಿ ಮೂಲದ ಈ ಪೂರ್ವ ಲಂಡನ್ನಿನವರು ಅಲ್ಲಿನ ದೊಡ್ಡ ರ‍್ಯಾಪರ್‌ಗಳಿಗೆಲ್ಲ ಬೀಟ್ ಕಟ್ಟಿದ್ದಾರೆ. 2019ರಲ್ಲಿ ಸಿಧು ಮೂಸೆವಾಲಾ, ಮಿಸ್ಟ್, ಸ್ಟೆಫ್ಲಾನ್ ಡಾನ್ ಮೂವರನ್ನೂ '47' ಹಾಡಿನಲ್ಲಿ ಸೇರಿಸಿದವರೂ ಅವರೇ.

ಪ್ರಶ್ನೆ: ನಮ್ಮ ಬೆಂಗಳೂರಿನ ಹನುಮಾನ್‌ಕೈಂಡ್ ಹಾಡುವುದು ಬ್ರಿಟಿಷ್ ಶೈಲಿಯೇ?

ಅಲ್ಲ. ಕೇರಳ ಮೂಲದ ಅವರು ಬಾಲ್ಯ ಕಳೆದದ್ದು ಅಮೆರಿಕದ ಹ್ಯೂಸ್ಟನ್ನಿನಲ್ಲಿ. 2024ರ 'ಬಿಗ್ ಡಾಗ್ಸ್'ನಲ್ಲಿ ಕೇಳಿಸುವುದು ಆ ಊರಿನ ಎಳೆತ.

ಪ್ರಶ್ನೆ: 'ಟಾಪ್ ಬಾಯ್' ಧಾರಾವಾಹಿ ನೋಡಿದರೆ ಇದೆಲ್ಲ ತಿಳಿಯುತ್ತದೆಯೇ?

ಸ್ವಲ್ಪ ತಿಳಿಯುತ್ತದೆ. ಕಾನೋ, ಲಿಟಲ್ ಸಿಮ್ಜ್, ಡೇವ್ ಮೂವರೂ ಅದರಲ್ಲಿ ನಟಿಸಿದ್ದಾರೆ, ಮಾತಿನ ಧಾಟಿ ಕಿವಿಗೆ ಬೀಳುತ್ತದೆ. ಆದರೆ ಅದು ಮಾದಕವಸ್ತು ಮಾರುವವರ ಕತೆ. ಆ ಕೇರಿಗಳಲ್ಲಿ ನರ್ಸುಗಳೂ ಬಸ್ ಚಾಲಕರೂ ಚರ್ಚಿನಲ್ಲಿ ಹಾಡುವ ಅಜ್ಜಿಯರೂ ಇದ್ದಾರೆ.

ಪ್ರಶ್ನೆ: ಹದಿಮೂರರ ಮಗ ಡ್ರಿಲ್ ಕೇಳುತ್ತಿದ್ದಾನೆ. ಬಿಡಬಹುದೇ?

ಕಸಿದುಕೊಂಡರೆ ಕದ್ದು ಕೇಳುತ್ತಾನೆ. ಒಂದು ಸಂಜೆ ಪಕ್ಕದಲ್ಲಿ ಕೂತು, ಈ ಸಾಲಿಗೆ ಏನರ್ಥ ಹೇಳು ಎಂದು ಅವನನ್ನೇ ಕೇಳಿ. ಜೊತೆಗೆ ಡೇವ್ ಅವರ 'ಲೆಸ್ಲಿ' ಕೇಳಿಸಿ. ಹಿಂಸೆಗೆ ಸಿಕ್ಕ ಹೆಣ್ಣುಮಗಳೊಬ್ಬಳ ಬಗ್ಗೆ ಹನ್ನೊಂದು ನಿಮಿಷದ ಹಾಡು ಅದು. ಆದರೆ ಮೊದಲು ನೀವೊಬ್ಬರೇ ಕೇಳಿ, ಅದು ಭಾರವಾದದ್ದು.

ಪ್ರಶ್ನೆ: ಎಲ್ಲಿಂದ ಶುರು ಮಾಡಲಿ?

ಇತ್ತೀಚಿನದರಿಂದ ಹಿಂದಕ್ಕೆ ಹೋಗಬೇಡಿ, ಕಿವಿ ಹದವಾಗುವುದಿಲ್ಲ. ಸ್ಮೈಲಿ ಕಲ್ಚರ್ ಅವರ 'ಕಾಕ್ನಿ ಟ್ರಾನ್ಸ್‌ಲೇಷನ್' ಮೊದಲು. ಅದು ನಿಘಂಟೂ ಹೌದು. ಆಮೇಲೆ ರೂಟ್ಸ್ ಮನೂವಾ ಅವರ 'ವಿಟ್ನೆಸ್', ಒಳ್ಳೆಯ ಬಾಸ್ ಇರುವ ಸ್ಪೀಕರಿನಲ್ಲಿ, ಫೋನಿನಲ್ಲಿ ಬೇಡ. ಅದೇ ಕಾಲದ 'ದಿ ಸ್ಟ್ರೀಟ್ಸ್' ತಂಡದ 2002ರ ಮೊದಲ ಆಲ್ಬಂ ಕೇಳಿದರೆ, ಬರ್ಮಿಂಗ್‌ಹ್ಯಾಮಿನ ಬಿಳಿಯ ಹುಡುಗ ಮೈಕ್ ಸ್ಕಿನ್ನರ್ ಚಹಾ, ಚಿಪ್ಸು, ಮುರಿದ ಪ್ರೀತಿಯನ್ನು ಹೇಗೆ ರ‍್ಯಾಪ್ ಮಾಡಿದರು ಎಂದು ತಿಳಿಯುತ್ತದೆ. 'ಬಾಯ್ ಇನ್ ಡಾ ಕಾರ್ನರ್' ಮೊದಲ ಸಲ ಒರಟೆನಿಸುತ್ತದೆ, ಬಿಡಬೇಡಿ. ಗಿಗ್ಸ್, ಸ್ಕೆಪ್ಟಾ, ಜೆ ಹಸ್ ಒಂದೊಂದು ವಾರಕ್ಕೆ ಒಬ್ಬರಂತೆ. ಅಷ್ಟಾದ ಮೇಲೆ 'ಸೈಕೋಡ್ರಾಮಾ', ಒಂದೇ ಸಲ ಕೂತು. ಕೊನೆಗೆ ಲಿಟಲ್ ಸಿಮ್ಜ್ ಅವರ 2021ರ 'ಸಮ್‌ಟೈಮ್ಸ್ ಐ ಮೈಟ್ ಬಿ ಇಂಟ್ರೋವರ್ಟ್'; ರಾತ್ರಿ ಊಟವಾದ ಮೇಲೆ, ದೀಪ ಸಣ್ಣದು ಮಾಡಿ, ಒಳ್ಳೆಯ ಹೆಡ್‌ಫೋನು ಹಾಕಿಕೊಂಡು.